ಟೊಂಕ ಮುರಿದವರನ್ನು ಮಲಗಿಸಿಡಬಾರದು ಯಾಕೆ?

ದೊಡ್ಡವ್ವ ಬಿದ್ದದ್ದು ನಸುಕಿನ ನಾಲ್ಕು ಗಂಟೆಗೆ. ಕರೆಂಟ್ ಇರಲಿಲ್ಲ. ಹೊರಗಿನ ಪಾಯಖಾನೆಗೆ ಹೋಗಲೆಂದು ಎದ್ದಿದ್ದಾಳೆ, ಹೊಸ್ತಿಲು ದಾಟುವಾಗ ಸೀರೆಯ ನೆರಿಗೆ ಕಾಲಿಗೆ ತೊಡರಿದೆ. ನಿಂತ ಎತ್ತರದಿಂದ ನೆಲಕ್ಕೆ, ಅಷ್ಟೇ. ಕೂಸುಗಳು ದಿನಕ್ಕೆ ಹತ್ತು ಸಲ ಹಾಗೆ ಬೀಳುತ್ತವೆ.

ಮಾನ್ವಿ ಕಡೆಯ ಹಳ್ಳಿ ನಮ್ಮದು. ಬೆಳಕು ಹರಿಯುವಷ್ಟರಲ್ಲಿ ಓಣಿಯ ಮಂದಿ ಸೇರಿ ಎರಡು ತೀರ್ಪು ಕೊಟ್ಟಾಗಿತ್ತು. "ಉಳುಕಿರಬೇಕು, ಎಣ್ಣಿ ಕಾಸಿ ತಿಕ್ರಿ" ಎನ್ನುವುದು ಒಂದು, "ಕಟ್ಟು ಹಾಕೋರ ಹತ್ರ ಕರ್ಕೊಂಡು ಹೋಗ್ರಿ" ಎನ್ನುವುದು ಇನ್ನೊಂದು. ರಾಯಚೂರಿಗೆ ಒಯ್ದು ಎಕ್ಸ್‌ರೇ ತೆಗೆಸಿದ ಮೇಲೆ ಮೂರನೆಯ ತೀರ್ಪು ಮನೆಯೊಳಗಿಂದಲೇ ಬಂತು. "ಎಪ್ಪತ್ತಾರು ವರ್ಷದಾಕಿಗೆ ಆಪ್ರೇಷನ್ ಮಾಡಿಸಿ ಯಾಕ ಹಿಂಸೆ ಕೊಡ್ತೀರಿ? ಮನ್ಯಾಗ ಹಾಸಿಗಿ ಮ್ಯಾಲ ಇರ್ಲಿ, ನಾವೆಲ್ಲ ಅದೀವಿ, ನೋಡ್ಕೊಂತೀವಿ" ಎಂದವರು ಅವಳ ಹಿರಿಮಗ, ನನಗೆ ಅಣ್ಣ. ಪ್ರೀತಿಯಿಂದಲೇ ಹೇಳಿದ ಮಾತು. ಮೂರರಲ್ಲಿ ಹೆಚ್ಚು ಅಪಾಯದ್ದೂ ಅದೇ ಎಂಬುದು ನನಗೆ ತಿಳಿಯಲು ಎರಡು ದಿನ ಬೇಕಾಯಿತು.

ಮೊದಲು ಮುರಿದದ್ದು ಏನು ಎಂದು ನೋಡೋಣ. ಟೊಂಕ ಮುರಿದಿದೆ ಎಂದು ನಾವು ಹೇಳಿದರೂ ಮುರಿದಿರುವುದು ತೊಡೆಯ ಎಲುಬಿನ ಮೇಲ್ತುದಿ. ತೊಡೆಯ ಎಲುಬು ಮೈಯಲ್ಲೇ ಅತಿ ಉದ್ದದ ಎಲುಬು. ಅದು ನೆಟ್ಟಗೆ ಮೇಲೇರಿ, ತುದಿಯಲ್ಲಿ ಬೀದಿದೀಪದ ಕಂಬದಂತೆ ಒಳಕ್ಕೆ ಬಾಗುತ್ತದೆ. ಬಾಗಿದ ಭಾಗ ಕತ್ತು. ಕತ್ತಿನ ತುದಿಯಲ್ಲಿ ನಿಂಬೆಹಣ್ಣಿಗಿಂತ ತುಸು ದಪ್ಪನೆಯ ಗುಂಡು, ಅದು ಹೋಗಿ ಕೂರುವುದು ಟೊಂಕದ ಎಲುಬಿನ ಬಟ್ಟಲಿನಲ್ಲಿ. ಕಂಬದ ಮೇಲೆ ನೇರ ಬೀಳುವ ಭಾರ ಬೇರೆ, ಬಾಗಿದ ತೋಳಿನ ತುದಿಗೆ ಬೀಳುವ ಭಾರ ಬೇರೆ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ನಾವು ಒಂಟಿಕಾಲಲ್ಲಿ ಇರುತ್ತೇವಲ್ಲ, ಆಗ ಆ ಕೀಲಿನ ಮೇಲೆ ಮೈತೂಕದ ಎರಡೂವರೆಯಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. ದೊಡ್ಡವ್ವನ ತೂಕ 50 ಕಿಲೋ. ಅಂದರೆ ಸಿಂಧನೂರು ಮಾರ್ಕೆಟ್ಟಿನ 75 ಕಿಲೋದ ಭತ್ತದ ಚೀಲ ಎರಡನ್ನು ಹೊತ್ತಷ್ಟು, ಹೆಜ್ಜೆ ಹೆಜ್ಜೆಗೆ.

ಈ ಭಾರ ಹೊರಲು ಎಲುಬಿನೊಳಗೆ ಸಣ್ಣ ಸಣ್ಣ ಎಳೆಗಳ ಜಾಲ ಇರುತ್ತದೆ. ಒಳ್ಳೆಯ ಎಕ್ಸ್‌ರೇಯಲ್ಲಿ ಈ ಎಳೆಗಳು ಕಮಾನಿನಂತೆ ಕಾಣುತ್ತವೆ. ವಯಸ್ಸಾದಂತೆ ಒಂದೊಂದೇ ಎಳೆ ಮಾಸುತ್ತ ಹೋಗುವುದನ್ನು ನೋಡಿ ಎಲುಬಿನ ಬಲವನ್ನು ಅಳೆಯುವ ಒಂದು ಪದ್ಧತಿಯೇ ಇದೆ, 1970ರಲ್ಲಿ ಬಂದದ್ದು. ಅದಕ್ಕೆ ಸಿಂಗ್ ಇಂಡೆಕ್ಸ್ ಎಂದು ಹೆಸರು, ನಮ್ಮ ದೇಶದ ವೈದ್ಯರದ್ದೇ ಕೊಡುಗೆ. ಈಗ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಂದು ಅದು ಹಿಂದೆ ಸರಿದಿದೆ.

ಮುರಿತದ ಜಾಗ ಎರಡು ಅಂಗುಲ ಆಚೀಚೆ ಆದರೂ ಚಿಕಿತ್ಸೆಯೇ ಬದಲಾಗುತ್ತದೆ. ಪಕ್ಕದ ಬೆಡ್ಡಿನ ಅಜ್ಜನಿಗೆ ರಾಡ್ ಹಾಕಿ, ದೊಡ್ಡವ್ವನಿಗೆ ಮಾತ್ರ "ಬಾಲ್ ಬದಲಿಸಬೇಕು" ಎಂದಾಗ ನಮ್ಮ ಮನೆಯವರಿಗೆ ಅನುಮಾನ ಬಂದದ್ದು ಇಲ್ಲೇ: ದುಡ್ಡು ಹೆಚ್ಚಾಗಲಿ ಎಂದು ಹೇಳುತ್ತಿದ್ದಾರೋ ಏನೋ ಅಂತ. ಉತ್ತರ ನಮ್ಮ ಕಾಲುವೆಯಲ್ಲಿದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನ ಪಾಡು ಮಾನ್ವಿ, ಸಿರವಾರದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೀರು ಒಂದೇ ದಾರಿಯಿಂದ ಬರಬೇಕು, ಮೇಲೆ ಎಲ್ಲಿ ಒಡೆದರೂ ಕೊನೆಯ ಹೊಲ ಒಣಗಬೇಕು. ತೊಡೆ ಎಲುಬಿನ ಗುಂಡು ಹೀಗೆ ಕೊನೆಭಾಗದ ಜಮೀನು. ಅದಕ್ಕೆ ಹೋಗುವ ರಕ್ತದ ಬಹುಪಾಲು ಕತ್ತಿಗೆ ಅಂಟಿಕೊಂಡು ಮೇಲೇರುವ ಸಣ್ಣ ನಾಳಗಳಿಂದಲೇ ಹೋಗಬೇಕು. ಕತ್ತಿನಲ್ಲೇ ಮುರಿದು ಎಲುಬು ಸರಿದರೆ ಆ ನಾಳಗಳೂ ಹರಿಯುತ್ತವೆ. ಆಮೇಲೆ ಎಷ್ಟೇ ಚೆಂದ ಸ್ಕ್ರೂ ಹಾಕಿ ಕೂಡಿಸಿದರೂ ರಕ್ತವಿಲ್ಲದ ಗುಂಡು ಕೂಡಿಕೊಳ್ಳದೇ ಉಳಿಯಬಹುದು, ಇಲ್ಲವೇ ತಿಂಗಳುಗಳ ನಂತರ ಸತ್ತು ಕುಸಿಯಬಹುದು. ಆದ್ದರಿಂದ ವಯಸ್ಸಾದವರಲ್ಲಿ ಆ ಗುಂಡನ್ನೇ ತೆಗೆದು ಲೋಹದ್ದನ್ನು ಕೂರಿಸುತ್ತಾರೆ. ಮೊದಲು ಚೆನ್ನಾಗಿ ಓಡಾಡಿಕೊಂಡಿದ್ದವರಿಗೆ ಕೆಲವೊಮ್ಮೆ ಬಟ್ಟಲನ್ನೂ ಬದಲಿಸುತ್ತಾರೆ. ಕತ್ತಿನ ಬುಡದಲ್ಲಿ ಮುರಿದರೆ ಕಥೆ ಬೇರೆ. ಅದು ಕಾಲುವೆಯ ಮೇಲ್ಭಾಗದ ಜಮೀನು, ಸುತ್ತಲೂ ಮಾಂಸ, ರಕ್ತ ಧಾರಾಳ, ಎಲುಬು ಕೂಡಿಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಕೂಡುವ ತನಕ ಹಿಡಿದಿಡುವ ರಾಡೋ, ಪ್ಲೇಟು-ಸ್ಕ್ರೂನೋ. ಪಕ್ಕದ ಬೆಡ್ಡಿನ ಅಜ್ಜನದು ಅದು.

ಮನೆಯಲ್ಲೇ ಗುರುತು ಹಿಡಿಯುವುದು ಬಹಳ ಸಲ ಕಷ್ಟವಲ್ಲ. ಅಂಗಾತ ಮಲಗಿದಾಗ ಒಂದು ಕಾಲು ಗಿಡ್ಡವಾಗಿ ಕಾಣುತ್ತದೆ, ಪಾದ ಹೊರಕ್ಕೆ ಹೊರಳಿರುತ್ತದೆ, ಕಾಲೆತ್ತು ಎಂದರೆ ಎತ್ತಲಾಗುವುದಿಲ್ಲ. ಆದರೆ ಮೋಸ ಮಾಡುವ ಮುರಿತವೂ ಒಂದಿದೆ. ಎಲುಬು ಮುರಿದು ಒಂದರೊಳಗೊಂದು ಸಿಕ್ಕಿಕೊಂಡಿದ್ದರೆ ಮನುಷ್ಯ ಕುಂಟುತ್ತ ಎರಡು ಹೆಜ್ಜೆ ನಡೆದೂ ಬಿಡುತ್ತಾನೆ. ನೋವು ತೊಡೆಸಂದಿನಲ್ಲಿ, ಕೆಲವರಿಗೆ ಮೊಣಕಾಲಿನಲ್ಲಿ. ಎಕ್ಸ್‌ರೇಯಲ್ಲಿ ಒಮ್ಮೊಮ್ಮೆ ಏನೂ ಕಾಣುವುದಿಲ್ಲ. ಬಿದ್ದ ಮುದುಕರು ಕಾಲೂರಲು ಆಗುತ್ತಿಲ್ಲ ಎನ್ನುತ್ತಿದ್ದರೆ "ಎಕ್ಸ್‌ರೇ ಚೊಲೋ ಐತಿ" ಎಂದು ಮನೆಗೆ ಬರಬೇಡಿ. ಎಂಆರ್‌ಐ ಅಥವಾ ಸಿಟಿ ಬೇಕಾ ಎಂದು ಕೇಳಿ. ಸಿಕ್ಕಿಕೊಂಡದ್ದು ನಾಳೆ ಸರಿದರೆ ಸುಲಭದ ಆಪರೇಷನ್ ದೊಡ್ಡದಾಗುತ್ತದೆ. ಎಣ್ಣೆ ಹಚ್ಚಿ ತಿಕ್ಕುವುದಂತೂ ಸರಿಯದ್ದನ್ನು ಕೈಯಾರೆ ಸರಿಸಿದಂತೆ.

ಕಟ್ಟು ಯಾಕೆ ಆಗದು? ಹುಡುಗರ ಮುಂಗೈ ಮುರಿದದ್ದು ಕಟ್ಟು ಹಾಕುವವರ ಕೈಯಲ್ಲಿ ಕೂಡಿಕೊಂಡ ಉದಾಹರಣೆ ಓಣಿಗೊಂದು ಸಿಗುತ್ತದೆ, ಆ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ಮುಂಗೈಯನ್ನು ಎರಡು ದಬ್ಬೆಗಳ ನಡುವೆ ಹಿಡಿಯಬಹುದು. ಟೊಂಕದ ಕೀಲು ಪೃಷ್ಠದ ದಪ್ಪ ಮಾಂಸದೊಳಗೆ ಹೂತಿದೆ, ಅದಕ್ಕೆ ದಬ್ಬೆ ಕಟ್ಟುವುದೆಲ್ಲಿ? ಮೇಲಾಗಿ ತೊಡೆಯ ಸ್ನಾಯುಗಳು ಮುರಿದ ತುಂಡನ್ನು ಹಗಲೂ ರಾತ್ರಿ ಮೇಲಕ್ಕೆ ಜಗ್ಗುತ್ತಿರುತ್ತವೆ. ಕಾಲು ಗಿಡ್ಡವಾಗುವುದು ಅದಕ್ಕೇ. ಸಿಮೆಂಟ್ ಪಟ್ಟಿಗೂ ಇದೇ ಮಾತು ಅನ್ವಯ.

ಇನ್ನು ಅಣ್ಣನ ಮಾತು. ಮಲಗಿದ್ದರೆ ಎಲುಬು ಕೂಡುವುದಿಲ್ಲವೇ? ಕತ್ತಿನ ಬುಡದ್ದಾದರೆ ಕೂಡಬಹುದು, ಹಿಂದೆಲ್ಲ ಕಾಲಿಗೆ ತೂಕ ಕಟ್ಟಿ ಎರಡು ಮೂರು ತಿಂಗಳು ಮಲಗಿಸಿಯೇ ಕೂಡಿಸುತ್ತಿದ್ದರು. ಎಲುಬು ಕೂಡುವ ತನಕ ಮನುಷ್ಯ ಉಳಿಯುತ್ತಿದ್ದನೇ ಎಂಬುದು ಪ್ರಶ್ನೆ. ಅಲುಗಾಡದೆ ಮಲಗಿದವರ ಶ್ವಾಸಕೋಶದ ತಳದಲ್ಲಿ ಕಫ ನಿಲ್ಲುತ್ತದೆ, ಕೆಮ್ಮಲು ಬಲವಿರುವುದಿಲ್ಲ, ನ್ಯುಮೋನಿಯಾ ಆಗುತ್ತದೆ. ಕಾಲಿನ ರಕ್ತ ನಿಂತಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ನಿಂತ ನಿಲುವಿನಲ್ಲೇ ಜೀವ ಹೋಗಬಹುದು. ಬೆನ್ನಿನ ಕೆಳಗೆ, ಹಿಮ್ಮಡಿಗೆ ಹಾಸಿಗೆ ಹುಣ್ಣು. ಮೂತ್ರದ ಸೋಂಕು. ಮುರಿದ ತುಂಡುಗಳು ಹೊರಳಿದಾಗೊಮ್ಮೆ ಉಜ್ಜುವ ನೋವಿನಿಂದ ಅವರು ಹೊರಳುವುದನ್ನೇ ಬಿಡುತ್ತಾರೆ, ಹೊರಳದಿದ್ದರೆ ಮೇಲಿನದೆಲ್ಲ ಬೇಗ ಬರುತ್ತದೆ. ಸ್ನಾಯುವಿನ ಮಾತಂತೂ ನಂಬಲಾಗದಂಥದ್ದು: 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿ ಇರಿಸಿದರು. ಕಾಲುಗಳ ಸ್ನಾಯುವೇ ಹೆಚ್ಚುಕಡಿಮೆ ಒಂದು ಕಿಲೋ ಕರಗಿತ್ತು. ಅವರದು ಏನೂ ಮುರಿದಿರಲಿಲ್ಲ.

ಎಲುಬಿನ ಡಾಕ್ಟರು ಅಣ್ಣನಿಗೆ ಒಂದೇ ಮಾತು ಹೇಳಿದರು: "ಈ ಆಪರೇಷನ್ ಮಾಡೋದು ಅಮ್ಮ ಓಡಾಡಲಿ ಅಂತ ಆಮೇಲಿನ ಮಾತು, ನಾಳೆ ಎಬ್ಬಿಸಿ ಕೂರಿಸಬೇಕು ಅಂತ ಮೊದಲು." ನನಗೆ ಇಡೀ ವಿಷಯ ತಿಳಿಯಾದದ್ದು ಆ ಮಾತಿನಿಂದ. ವಯಸ್ಸಾಗಿದೆ, ಆಪರೇಷನ್ ತಡೆದುಕೊಳ್ಳಲಾರರು ಎಂದು ನಾವು ಲೆಕ್ಕ ಹಾಕುತ್ತೇವೆ. ವಯಸ್ಸಾದವರು ತಡೆದುಕೊಳ್ಳಲಾರದ್ದು ಹಾಸಿಗೆಯನ್ನು. ಇಪ್ಪತ್ತರ ಹುಡುಗನನ್ನು ಆರು ವಾರ ಮಲಗಿಸಿದರೂ ಎದ್ದು ಓಡುತ್ತಾನೆ.

ಹಾಗೆಂದು ಆಪರೇಷನ್ ಮಂತ್ರವಲ್ಲ. ಹಲವು ದೇಶಗಳ ಅಂಕಿಗಳನ್ನು ನೋಡಿದರೆ ಚಿಕಿತ್ಸೆ ಸಿಕ್ಕವರಲ್ಲೂ ಒಂದು ವರ್ಷದೊಳಗೆ ಸುಮಾರು ಐವರಲ್ಲೊಬ್ಬರು, ಕೆಲವೆಡೆ ಮೂವರಲ್ಲೊಬ್ಬರು ತೀರಿಕೊಳ್ಳುತ್ತಾರೆ. ಬೀಳುವುದಕ್ಕೆ ಮೊದಲೇ ಇದ್ದ ಹೃದಯದ, ಕಿಡ್ನಿಯ, ಸಕ್ಕರೆಯ ತೊಂದರೆಗಳ ಪಾಲು ಅದರಲ್ಲಿ ದೊಡ್ಡದು. ಬದುಕಿದವರಲ್ಲೂ ಬಹಳ ಮಂದಿಗೆ ಮೊದಲಿನ ನಡಿಗೆ ಪೂರ್ತಿ ಮರಳುವುದಿಲ್ಲ.

ಯಾವಾಗ ಮಾಡಿಸಬೇಕು? ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಆಸ್ಪತ್ರೆಗೆ ಬಂದ ದಿನ ಅಥವಾ ಮರುದಿನ ಎಂದಿದೆ. ಭಾರತವೂ ಸೇರಿ 17 ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೋಗ ಗೊತ್ತಾದ ಆರು ತಾಸಿನೊಳಗೇ ಮಾಡುವುದಕ್ಕೂ ಸುಮಾರು ಒಂದು ದಿನದಲ್ಲಿ ಮಾಡುವುದಕ್ಕೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಮಾಡಿದವರಲ್ಲಿ ಬುದ್ಧಿಭ್ರಮೆ ಕಡಿಮೆ ಇತ್ತು. ಅಂದರೆ ಗಡಿಯಾರ ಹಿಡಿದು ಗಾಬರಿಯಾಗಬೇಕಿಲ್ಲ, ದಿನಗಟ್ಟಲೆ ಕಾಯುವುದೂ ಸಲ್ಲ. ನಮ್ಮ ಕಡೆ ಹೊತ್ತು ಹೋಗುವುದು ಕಟ್ಟಿನಲ್ಲಿ ಎರಡು ದಿನ, ಬೀಗರು ನೆಂಟರು ಬಂದು ಚರ್ಚೆ ಮಾಡುವುದರಲ್ಲಿ ಒಂದು ದಿನ, ಆಮೇಲೆ ಮೈ ಆಪರೇಷನ್ನಿಗೆ ತಯಾರಿದೆಯೇ ಎಂದು ನೋಡುವ "ಫಿಟ್ನೆಸ್". ರಕ್ತ ಕಡಿಮೆ ಇದ್ದರೆ ಏರಿಸಬೇಕು, ಸಕ್ಕರೆ ವಿಪರೀತವಿದ್ದರೆ ಇಳಿಸಬೇಕು, ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಮೊದಲೇ ತಿಳಿಸಬೇಕು. ಇವು ಬೇಗ ಸರಿಪಡಿಸುವ ಸಂಗತಿಗಳು. ಹತ್ತು ವರ್ಷದ ಹಳೆಯ ಹೃದಯದ ತೊಂದರೆ ಇನ್ನೊಂದು ವಾರ ಕಾದರೆ ಹೊಸದಾಗುವುದಿಲ್ಲ. ಅರವಳಿಕೆಗೆ ಬೆನ್ನಿಗೆ ಸೂಜಿಯೋ, ಪೂರ್ತಿ ಪ್ರಜ್ಞೆ ತಪ್ಪಿಸುವುದೋ ಎಂದೂ ಜನ ತಲೆ ಕೆಡಿಸಿಕೊಳ್ಳುತ್ತಾರೆ. 2021ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ ಈ ಎರಡರ ನಡುವೆ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಅದನ್ನು ಅರವಳಿಕೆ ವೈದ್ಯರಿಗೇ ಬಿಡಿ.

ದುಡ್ಡಿನ ಮಾತು ಚಿಕ್ಕದಾಗಿ: ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರಾಯಚೂರಿನ ರಿಮ್ಸ್, ಕೊಪ್ಪಳದ ಮತ್ತು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ನಮಗೆ ಹತ್ತಿರದವು. ರೇಷನ್ ಕಾರ್ಡು, ಆಧಾರ್ ಎರಡನ್ನೂ 108 ಹತ್ತುವಾಗಲೇ ಕೈಯಲ್ಲಿ ಹಿಡಿದುಕೊಳ್ಳಿ. ಮನೆಗೆ ತಿರುಗಿ ಹೋಗಿ ತರುವುದರಲ್ಲಿ ನಮ್ಮದೊಂದು ದಿನ ಹೋಯಿತು.

ಆಪರೇಷನ್ ಆದ ರಾತ್ರಿ ದೊಡ್ಡವ್ವ ಬೇರೆಯೇ ಆದಳು. ತೀರಿಹೋಗಿ ಹನ್ನೆರಡು ವರ್ಷವಾದ ದೊಡ್ಡಪ್ಪನನ್ನು ಕರೆದಳು, ಎತ್ತು ಬಿಚ್ಚಿಕೊಂಡು ಹೋಗಿವೆ ಕಟ್ಟು ಎಂದು ನನಗೆ ಬೈದಳು, ಕೈಗೆ ಹಾಕಿದ್ದ ಸಲಾಯಿನ್ ಸೂಜಿ ಕಿತ್ತೆಸೆದಳು. "ಮಂಪರಿನ ಔಷಧ ತಲೆಗೆ ಏರ್‍ಯಾದ", "ಗಾಳಿ ಸೋಕ್ಯಾದ" ಎಂದು ವಾರ್ಡಿನಲ್ಲಿ ಗುಸುಗುಸು. ಇದು ಟೊಂಕ ಮುರಿದ ಹಿರಿಯರಲ್ಲಿ ಬಹಳ ಸಾಮಾನ್ಯ. ಡಾಕ್ಟರುಗಳು ಡೆಲಿರಿಯಂ ಎನ್ನುತ್ತಾರೆ. ಹುಚ್ಚಲ್ಲ, ಮರೆವಿನ ಕಾಯಿಲೆಯೂ ಅಲ್ಲ. ನೋವು, ಸೋಂಕು, ನೀರು ಕಡಿಮೆಯಾಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ನಿದ್ದೆಗೇಡು, ಅಪರಿಚಿತ ಜಾಗ, ಇವೆಲ್ಲ ಸೇರಿ ದಣಿದ ಮಿದುಳು ದಾರಿ ತಪ್ಪುವುದು. ಕೆಲವರು ಗಲಾಟೆ ಮಾಡುವ ಬದಲು ಮಂಕಾಗಿ ಗೋಡೆ ನೋಡುತ್ತ ಮಲಗಿಬಿಡುತ್ತಾರೆ. ಮನೆಯವರು "ಸುಮ್ಮನೆ ಮಲಗ್ಯಾಳ, ಚೊಲೋ ಆತು" ಎಂದುಕೊಳ್ಳುವ ಆ ಮಂಕು ಇನ್ನೂ ಹೆಚ್ಚು ಗಮನ ಬೇಡುತ್ತದೆ. ಡಾಕ್ಟರಿಗೆ ತಿಳಿಸಿ, ಕಾರಣ ಹುಡುಕುವುದು ಅವರ ಕೆಲಸ. ನಮ್ಮ ಕೆಲಸ: ಕನ್ನಡಕ ಹಾಕಿಸಿ, ಕಿವಿಯ ಮಿಷನ್ ಇದ್ದರೆ ಕೊಡಿ, ಹಗಲು ಕಿಟಕಿ ತೆರೆಯಿರಿ, ಪರಿಚಿತ ಮುಖ ಒಂದು ಸದಾ ಪಕ್ಕದಲ್ಲಿರಲಿ. ನಿದ್ದೆ ಗುಳಿಗೆ ಕೊಡಿ ಎಂದು ನರ್ಸಿಗೆ ದುಂಬಾಲು ಬೀಳಬೇಡಿ, ಅದರಿಂದ ಭ್ರಮೆ ಹೆಚ್ಚುವುದೇ ಹೆಚ್ಚು. ದೊಡ್ಡವ್ವನ ಎತ್ತುಗಳು ಮೂರನೆಯ ದಿನ ಕೊಟ್ಟಿಗೆ ಸೇರಿದವು. ಕೆಲವರಿಗೆ ವಾರಗಳೂ ಹಿಡಿಯುತ್ತವೆ.

ಆಪರೇಷನ್ ಆದ ಮರುದಿನವೇ ಫಿಸಿಯೋಥೆರಪಿ ಹುಡುಗಿ ಬಂದು ವಾಕರ್ ಮುಂದಿಟ್ಟು ನಿಲ್ಲಿಸಿದಾಗ ನಮ್ಮವರ ಎದೆ ಝಲ್ಲೆಂದಿತು. ಆದರೆ ಹಾಗೆ ನಿಲ್ಲಿಸಲೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು! ಡಾಕ್ಟರು ಬೇಡವೆಂದು ಬೇರೆ ಹೇಳದಿದ್ದರೆ ಭಾರ ಹಾಕಿಯೇ ನಿಲ್ಲಬೇಕು. ಬಾಲ್ ಬದಲಿಸಿದವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು, ಕಾಲ ಮೇಲೆ ಕಾಲು ಹಾಕುವುದು ಸಾಮಾನ್ಯವಾಗಿ ಬೇಡ, ಗುಂಡು ಬಟ್ಟಲಿನಿಂದ ಜಾರಬಹುದು. ನೆಲದಲ್ಲೇ ಉಂಡು ನೆಲದಲ್ಲೇ ಬದುಕುವ ನಮ್ಮ ಮನೆಗಳಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಮೊದಲು ಕೊಳ್ಳಬೇಕಾದದ್ದು ಕಮೋಡ್ ಖುರ್ಚಿ, ಹಣ್ಣು ಹಂಪಲು ಆಮೇಲೆ.

ಆಪರೇಷನ್ ಬೇಡ ಎನ್ನುವುದು ಎಂದೂ ಸರಿಯಲ್ಲವೇ? ಬೀಳುವುದಕ್ಕೆ ಮುಂಚೆಯೇ ಹಾಸಿಗೆ ಹಿಡಿದಿದ್ದವರು, ಬೇರೆ ಕಾಯಿಲೆಯ ಕೊನೆಯ ದಿನಗಳಲ್ಲಿ ಇರುವವರು ಇದ್ದಾರೆ. ಅಂಥ ತೀರಾ ಕುಗ್ಗಿದ ಹಿರಿಯರಲ್ಲಿ ಮನೆಯವರೊಂದಿಗೆ ಕೂತು ಮಾತಾಡಿ, ಆಪರೇಷನ್ ಬಿಟ್ಟು ನೋವು ತಣಿಸುವುದನ್ನೇ ಆರಿಸಿದರೂ ಅವರ ದಿನಗಳು ಕೆಟ್ಟದಾಗಲಿಲ್ಲ ಎಂದು ನೆದರ್‌ಲೆಂಡ್ಸಿನ 2022ರ ಅಧ್ಯಯನ ತೋರಿಸಿದೆ. ಆದರೆ ಅದು ಡಾಕ್ಟರ ಜೊತೆ ಕೂತು, ನೋವಿಗೆ ಸರಿಯಾದ ಔಷಧದೊಂದಿಗೆ ಮಾಡುವ ನಿರ್ಧಾರ. ನಿನ್ನೆ ತನಕ ರೊಟ್ಟಿ ಬಡಿಯುತ್ತಿದ್ದವಳನ್ನು ಮಂಚಕ್ಕೆ ಹಾಕುವುದಕ್ಕೆ ಆ ಹೆಸರು ಸಲ್ಲದು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯಿತು. ನಿಂತಲ್ಲಿಂದ ಬಿದ್ದರೆ ಎಲುಬು ಮುರಿಯಬಾರದು. ಮುರಿದಿದೆ ಎಂದರೆ ಎಲುಬು ಮೊದಲೇ ಸೋತಿತ್ತು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಸವೆಯುತ್ತದೆ, ಅದು ಎಲ್ಲ ಊರಿನ ಮಾತು. ನಮ್ಮ ಊರಿನದೇ ಆದ ಕಾರಣಗಳೂ ಇವೆ.

ಮೊದಲನೆಯದು ತಾಟಿನಲ್ಲಿದೆ. ಮೈಸೂರು ಕಡೆಯವರ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ನಮ್ಮ ಜೋಳದಲ್ಲಿ ಇರುವುದು 30ರ ಒಳಗೆ. ದಿನಕ್ಕೆ ನಾಲ್ಕು ರೊಟ್ಟಿ, ಅಂದಾಜು 250 ಗ್ರಾಂ ಹಿಟ್ಟು ಎಂದರೂ 70 ಮಿಲಿಗ್ರಾಂ ದಾಟದು. ಮುಟ್ಟು ನಿಂತ ಹೆಂಗಸಿಗೆ ಬೇಕಾದದ್ದು ದಿನಕ್ಕೆ 1200. ಜೋಳವನ್ನು ದೂರುತ್ತಿಲ್ಲ, ಅದಿಲ್ಲದೆ ನನಗೇ ಊಟ ಸೇರದು. ಜೋಳದ ಜೊತೆಗಿದ್ದ ಮೊಸರು, ಮಜ್ಜಿಗೆ ತಾಟಿನಿಂದ ಎದ್ದುಹೋದದ್ದು ತೊಂದರೆ. ಹೈನ ಮನೆಯಲ್ಲಿದ್ದರೂ ಹಾಲು ಡೇರಿಗೆ, ಉಳಿದದ್ದು ಮೊಮ್ಮಕ್ಕಳಿಗೆ, ಮುದುಕಿಗೆ ಕರಿ ಚಹಾ. ಎಳ್ಳಿನಲ್ಲಿ ಕ್ಯಾಲ್ಸಿಯಂ ರಾಗಿಗಿಂತಲೂ ಎಷ್ಟೋ ಪಟ್ಟು ಹೆಚ್ಚು, ಅದೆಲ್ಲವೂ ಮೈಗೆ ಹತ್ತುವುದಿಲ್ಲವಾದರೂ ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಸಂಕ್ರಾಂತಿಗೆ ಮಾತ್ರ ಮೀಸಲಿಡಬೇಕಿಲ್ಲ.

ಎರಡನೆಯದು ನೀರಿನಲ್ಲಿದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಎಂಬುದು ನಮ್ಮ ದೇಶದ ಮಾನದಂಡ. ಹಲ್ಲಿನ ಕಂದು ಕಲೆ ಎಲ್ಲರಿಗೂ ಕಾಣುತ್ತದೆ, ಎಲುಬಿನಲ್ಲಿ ಆಗುವುದು ಕಾಣುವುದಿಲ್ಲ. ಫ್ಲೋರೈಡ್ ತುಂಬಿದ ಎಲುಬು ಸ್ಕ್ಯಾನಿನಲ್ಲಿ ಗಟ್ಟಿಯಾಗಿಯೇ ಕಾಣಬಹುದು, ಆದರೆ ಸೀಮೆಸುಣ್ಣದಂಥ ಗಟ್ಟಿ. ಒಂದು ಕಾಲಕ್ಕೆ ಎಲುಬು ದಪ್ಪವಾಗಲೆಂದು ಫ್ಲೋರೈಡನ್ನೇ ಔಷಧವಾಗಿ ಕೊಟ್ಟು ನೋಡಿದ್ದರು. ಅಮೆರಿಕದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೆನ್ನೆಲುಬಿನ ಸಾಂದ್ರತೆ ನಾಲ್ಕು ವರ್ಷಕ್ಕೆ ಶೇ 35ರಷ್ಟು ಏರಿತು, ಬೆನ್ನೆಲುಬಿನ ಮುರಿತ ಗಣನೀಯವಾಗಿ ಇಳಿಯಲಿಲ್ಲ, ಕೈಕಾಲಿನಂಥ ಬೇರೆಡೆಯ ಮುರಿತ ಹೆಚ್ಚಿತು. ಚೀನಾದ ಆರು ಕಡೆಯ ಜನರನ್ನು ಹೋಲಿಸಿದ 2001ರ ಅಧ್ಯಯನದಲ್ಲಿ ಲೀಟರಿಗೆ 4 ಮಿಲಿಗ್ರಾಂ ಮೀರಿದ ನೀರು ಕುಡಿದವರಲ್ಲೇ ಟೊಂಕದ ಮುರಿತ ಹೆಚ್ಚಿತ್ತು. ನೀರು ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಹೋದಷ್ಟೂ ಸಾಂದ್ರವಾಗುತ್ತದೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಪಂಚಾಯಿತಿಯನ್ನು ಕೇಳಲು ಇದೂ ಒಂದು ಕಾರಣ.

ಬಿಸಿಲಿನ ನಾಡಿನಲ್ಲಿ ವಿಟಮಿನ್ ಡಿ ಕೊರತೆ ಎಂದರೆ ನಗು ಬರುತ್ತದೆ. ನಲವತ್ತು ಡಿಗ್ರಿ ದಾಟುವ ಬಿಸಿಲಿಗೆ ಹೆದರಿ ಮುದುಕರು ಒಳಗೇ ಇರುತ್ತಾರೆ, ಹೊರಬಂದರೂ ತಲೆ ತುಂಬ ಸೆರಗು. ವಯಸ್ಸಾದ ಚರ್ಮ ಅದೇ ಬಿಸಿಲಿನಿಂದ ತಯಾರಿಸುವ ಡಿ ಕೂಡ ಕಡಿಮೆ. ಮತ್ತೊಂದು, ಮೊಣಕಾಲು ನೋವಿಗೆ ಚೀಟಿಯಿಲ್ಲದೆ ಸಿಗುವ ಪುಡಿಕೆ ಗುಳಿಗೆಗಳು. ತಿಂದ ತಾಸಿಗೆ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಇರಬಹುದೆಂದು ಅನುಮಾನಿಸಿ. ತಿಂಗಳುಗಟ್ಟಲೆ ನುಂಗಿದರೆ ಅದು ಎಲುಬನ್ನು ಒಳಗಿಂದ ತಿನ್ನುತ್ತದೆ. ದೊಡ್ಡವ್ವನ ದಿಂಬಿನ ಕೆಳಗೆ ಅಂಥ ಪುಡಿಕೆ ಹದಿನಾಲ್ಕು ಸಿಕ್ಕವು.

ಒಮ್ಮೆ ಮುರಿದವರಿಗೆ ಇನ್ನೊಂದು ಕಾಲು ಮುರಿಯುವ ಅಪಾಯ ಹೆಚ್ಚು. ಆದರೂ ಡಿಸ್ಚಾರ್ಜ್ ಚೀಟಿಯಲ್ಲಿ ಎಲುಬು ಗಟ್ಟಿ ಮಾಡುವ ಔಷಧ ಇದೆಯೇ ಎಂದು ಕೇಳುವವರು ಅಪರೂಪ. ರಾಡ್ ಹಾಕಿದ್ದು ಆ ಕಾಲಿಗೆ, ಸವೆದದ್ದು ಇಡೀ ಮೈಯ ಎಲುಬು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಇದೆ, ವರ್ಷಕ್ಕೊಮ್ಮೆ ಸಲಾಯಿನ್ ಮೂಲಕ ಕೊಡುವ ಜೊಲೆಡ್ರೊನಿಕ್ ಆ್ಯಸಿಡ್ ಇದೆ. ಟೊಂಕ ಮುರಿದವರಿಗೇ ಈ ಎರಡನೆಯದನ್ನು ಕೊಟ್ಟು ನೋಡಿದ 2007ರ ಅಧ್ಯಯನದಲ್ಲಿ ಹೊಸ ಮುರಿತಗಳ ಅಪಾಯ ಶೇ 35, ಸಾವಿನ ಅಪಾಯ ಶೇ 28 ಕಡಿಮೆಯಾಗಿತ್ತು. ಕಿಡ್ನಿ ಹೇಗಿದೆ, ವಿಟಮಿನ್ ಡಿ ಎಷ್ಟಿದೆ ಎಂದು ನೋಡಿಯೇ ಡಾಕ್ಟರು ಆರಿಸುತ್ತಾರೆ.

ಮನೆಯಲ್ಲಿ ಮಾಡಿದ್ದು ಕಡಿಮೆ ಖರ್ಚಿನದು. ಬಚ್ಚಲಿಗೆ ಕೈಹಿಡಿ ಪೈಪು, ಹೊಸ್ತಿಲ ಪಕ್ಕ ಕರೆಂಟ್ ಹೋದರೂ ಉರಿಯುವ ಬಲ್ಬು, ಸವೆದ ಹವಾಯಿ ಚಪ್ಪಲಿಯ ಬದಲು ಹಿಂದೆ ಪಟ್ಟಿ ಇರುವ ಚಪ್ಪಲಿ. ಬಿಪಿ ಗುಳಿಗೆ ತಿನ್ನುವವಳು ದಡಕ್ಕನೆ ಏಳಬಾರದು ಎಂದು ಮಂಚದ ತುದಿಯಲ್ಲಿ ಒಂದು ನಿಮಿಷ ಕೂರುವ ರೂಢಿ. ಕಣ್ಣಿನ ಪೊರೆ ತೆಗೆಸುವುದು ಬಾಕಿ ಇತ್ತು, ಅದೂ ಆಯಿತು.

ಅವಳಿಗೆ ಬರೆದುಕೊಟ್ಟದ್ದು ವಾರದ ಗುಳಿಗೆ. ಅದಕ್ಕೊಂದು ಕಟ್ಟುನಿಟ್ಟು ಇದೆ: ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ನುಂಗಬೇಕು, ಆಮೇಲೆ ಅರ್ಧ ತಾಸು ಚಹಾ ಸಹ ಇಲ್ಲ, ಮಲಗುವಂತೆಯೂ ಇಲ್ಲ, ಮಲಗಿದರೆ ಗುಳಿಗೆ ಅನ್ನನಾಳದಲ್ಲೇ ನಿಂತು ಸುಡುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ದೊಡ್ಡವ್ವ ಗುಳಿಗೆ ನುಂಗಿ, ವಾಕರ್ ಹಿಡಿದು ಕಟ್ಟೆಯ ತನಕ ಹೋಗಿ, ಅಲ್ಲಿಟ್ಟ ಖುರ್ಚಿಯಲ್ಲಿ ಕೂರುತ್ತಾಳೆ. ಚಹಾ ಇಲ್ಲದ ಆ ಅರ್ಧ ತಾಸು ದಾರಿಯಲ್ಲಿ ಹೋಗುವವರೆಲ್ಲ ಬೈಸಿಕೊಳ್ಳುತ್ತಾರೆ.